ಕರ್ನಾಟಕದ ಟಿಬೆಟನ್ ನಿರಾಶ್ರಿತ ನೆಲೆಗಳು

ಚೀನಾದ ಆಳ್ವಿಕೆಗೆ ಒಳಗಾದ ತಾಯ್ನಾಡನ್ನು ತೊರೆದು 1959ರಿಂದ ಭಾರತಕ್ಕೆ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಜಮೀನಿನಲ್ಲಿ ಬೆಳೆದ ಐದು ಕೃಷಿ ವಸಾಹತುಗಳು. ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಎರಡು (ಲುಗ್‌ಸುಂಗ್ ಸಾಂದುಪ್ಲಿಂಗ್, ಡಿಕ್ಯಿ ಲಾರ್ಸೊ), ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಒಂದು (ರಬ್‌ಗೇಲಿಂಗ್), ಹನೂರು ಭಾಗದ ಒಡೆಯರಪಾಳ್ಯದಲ್ಲಿ ಒಂದು (ಧೋಂಡೆನ್‌ಲಿಂಗ್), ಉತ್ತರ ಕನ್ನಡದ ಮುಂಡಗೋಡದಲ್ಲಿ ಒಂದು (ದೋಗುಲಿಂಗ್). ಕಡತಗಳಲ್ಲಿ ಈ ಹೆಸರುಗಳಿದ್ದರೂ ಸುತ್ತಲಿನ ಊರಿನವರಿಗೆ ಇವೆಲ್ಲ ‘ಟಿಬೆಟ್ ಕ್ಯಾಂಪ್’. ವಿಳಾಸ ಕೇಳಿದರೆ ಒಂದನೇ ಕ್ಯಾಂಪು, ನಾಲ್ಕನೇ ಕ್ಯಾಂಪು ಎಂದು ನಂಬರಿನಲ್ಲೇ ಹೇಳುತ್ತಾರೆ. ಕೇಂದ್ರ ಗೃಹ ಸಚಿವಾಲಯದ 2019ರ ಲೆಕ್ಕದಂತೆ ಭಾರತದಲ್ಲಿರುವ ಸುಮಾರು 72 ಸಾವಿರ ಟಿಬೆಟನ್ನರಲ್ಲಿ 21 ಸಾವಿರಕ್ಕೂ ಹೆಚ್ಚು ಮಂದಿ ಕರ್ನಾಟಕದಲ್ಲಿದ್ದಾರೆ. ದಲೈ ಲಾಮಾ ನೆಲೆಸಿರುವ ಹಿಮಾಚಲ ಪ್ರದೇಶಕ್ಕಿಂತ ಇದು ದೊಡ್ಡ ಸಂಖ್ಯೆ.

ಹಿನ್ನೆಲೆ

ಚೀನಾದ ಸೈನ್ಯ 1950ರ ಅಕ್ಟೋಬರಿನಲ್ಲಿ ಪೂರ್ವ ಟಿಬೆಟಿನ ಛಾಮ್ಡೊವನ್ನು ಹಿಡಿಯಿತು. ಮರುವರ್ಷ ಹದಿನೇಳು ಅಂಶಗಳ ಒಪ್ಪಂದಕ್ಕೆ ಟಿಬೆಟಿನ ನಿಯೋಗ ಬೀಜಿಂಗಿನಲ್ಲಿ ಸಹಿ ಹಾಕಿತು. ಒಪ್ಪಂದದಲ್ಲಿದ್ದ ಸ್ವಾಯತ್ತೆಯ ಭರವಸೆ ವರ್ಷದಿಂದ ವರ್ಷಕ್ಕೆ ಕರಗುತ್ತ ಹೋಗಿ, 1959ರ ಮಾರ್ಚ್ 10ರಂದು ಲ್ಹಾಸಾದ ಜನ ಬೀದಿಗಿಳಿದರು. ವಾರದ ಬಳಿಕ ಒಂದು ರಾತ್ರಿ ಅರಮನೆಯಿಂದ ಹೊರಬಿದ್ದ ಹದಿನಾಲ್ಕನೇ ದಲೈ ಲಾಮಾ ಮಾರ್ಚ್ 31ರಂದು ತವಾಂಗ್ ಕಡೆಯಿಂದ ಭಾರತದ ಗಡಿ ದಾಟಿದರು. ಆಗ ಅವರಿಗೆ ಇಪ್ಪತ್ಮೂರು ವರ್ಷ. ಅವರ ಬೆನ್ನಿಗೇ ಸುಮಾರು 80 ಸಾವಿರ ಜನ ಭಾರತ, ನೇಪಾಳ, ಭೂತಾನ್‌ಗಳತ್ತ ಇಳಿದರು.

ಹಿಮಾಲಯ ದಾಟಿದ್ದು ಕಷ್ಟದ ಅರ್ಧಭಾಗ ಮಾತ್ರ. ಅಸ್ಸಾಮಿನ ಮಿಸಾಮಾರಿಯಲ್ಲಿ ಬಿದಿರಿನ ತಾತ್ಕಾಲಿಕ ಶೆಡ್ಡುಗಳನ್ನು ಹಾಕಲಾಗಿತ್ತು. ಮುಂಗಾರಿನ ಸೆಕೆ, ಸೊಳ್ಳೆ, ಕಾಯಿಸದ ನೀರು ಇವೆಲ್ಲ ನಾಲ್ಕು ಸಾವಿರ ಮೀಟರ್ ಎತ್ತರದ ಒಣಹವೆಗೆ ಒಗ್ಗಿದ ದೇಹಗಳಿಗೆ ಮಾರಕವಾದವು. ಸುಮಾರು 1,500 ಸನ್ಯಾಸಿಗಳನ್ನು ಉತ್ತರ ಬಂಗಾಳದ ಬಕ್ಸಾ ಕೋಟೆಗೆ ಕಳಿಸಿದರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಅಲ್ಲಿ ಕ್ಷಯ ಹಬ್ಬಿ ಹಲವರು ಸತ್ತರು. ಉಳಿದವರು ಆ ಸೆರೆಮನೆಯಲ್ಲೇ ತರ್ಕ ಮತ್ತು ತತ್ವಶಾಸ್ತ್ರದ ಪಾಠಗಳನ್ನು ಮುಂದುವರಿಸಿದರು. ಸಾಮಾನ್ಯ ಜನರಿಗೆ ಸಿಕ್ಕ ಕೆಲಸ ಹಿಮಾಲಯದ ರಸ್ತೆ ಕೂಲಿ. ಗಂಡ ಹೆಂಡತಿ ಇಬ್ಬರೂ ಜಲ್ಲಿ ಒಡೆಯುತ್ತ ಕೂತರೆ ಮಕ್ಕಳು ಟೆಂಟಿನ ಪಕ್ಕದಲ್ಲಿ ಭೇದಿಗೆ ತುತ್ತಾಗುತ್ತಿದ್ದರು. ಧರ್ಮಶಾಲಾದಲ್ಲಿ 1960ರ ಮೇ ತಿಂಗಳಲ್ಲಿ ತೆರೆದ ಶಿಶುವಿಹಾರ ಈ ಮಕ್ಕಳಿಗಾಗಿಯೇ ಹುಟ್ಟಿದ್ದು.

ದಲೈ ಲಾಮಾ ಭಾರತದಲ್ಲಿ ರಚಿಸಿದ ದೇಶಾಂತರದ ಸರ್ಕಾರಕ್ಕೆ ಪ್ರಧಾನಿ ನೆಹರೂ ಮಾನ್ಯತೆ ಕೊಡಲಿಲ್ಲ. 1954ರ ಒಪ್ಪಂದದಲ್ಲಿ ಭಾರತ ಟಿಬೆಟನ್ನು ಚೀನಾದ ಭಾಗವೆಂದೇ ಬರೆದಿತ್ತು. ಆದರೆ ಎರಡು ವಿಷಯಗಳಲ್ಲಿ ಅವರು ಸ್ಪಷ್ಟವಾಗಿದ್ದರು: ಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕು, ಜನ ಚದುರದಂತೆ ಒಟ್ಟಾಗಿ ಕೂರಲು ನೆಲ ಬೇಕು. ನೆಲ ರಾಜ್ಯಗಳ ಕೈಯಲ್ಲಿತ್ತು. ಕೇಂದ್ರದಿಂದ ಪತ್ರಗಳು ಹೋದವು. ದೊಡ್ಡ ಪ್ರಮಾಣದಲ್ಲಿ ಮೊದಲು ಒಪ್ಪಿದ್ದು ಮೈಸೂರು.

ಈ ಒಪ್ಪಿಗೆಯ ಶ್ರೇಯ ಟಿಬೆಟನ್ನರ ನೆನಪಿನಲ್ಲಿ ಎಸ್. ನಿಜಲಿಂಗಪ್ಪನವರದು. ದಲೈ ಲಾಮಾ ಕರ್ನಾಟಕಕ್ಕೆ ಬಂದಾಗಲೆಲ್ಲ ಅವರ ಹೆಸರೆತ್ತುತ್ತಾರೆ. 2018ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಟಿಬೆಟನ್ನರು ನಡೆಸಿದ ಕರ್ನಾಟಕಕ್ಕೆ ಧನ್ಯವಾದ ಸಮಾರಂಭದಲ್ಲೂ ಅದೇ ಹೆಸರು ಮುಂದಿತ್ತು. ಮೊದಲ ತಂಡ ಬೈಲಕುಪ್ಪೆಗೆ ಬಂದಿಳಿದ 1960ರ ಕೊನೆಯಲ್ಲಿ ಮುಖ್ಯಮಂತ್ರಿಯಾಗಿದ್ದವರು ಮಾತ್ರ ಬಿ.ಡಿ. ಜತ್ತಿ. ನಿಜಲಿಂಗಪ್ಪ ಅದಕ್ಕೂ ಮುಂಚೆ ಒಮ್ಮೆ, 1962ರಿಂದ 1968ರವರೆಗೆ ಮತ್ತೊಮ್ಮೆ ಆ ಸ್ಥಾನದಲ್ಲಿದ್ದರು; ಬೈಲಕುಪ್ಪೆ ನಿಂತು ಬೇರೂರಿದ್ದು, ಮುಂಡಗೋಡ ಆರಂಭವಾದದ್ದು ಅವರ ಎರಡನೇ ಅವಧಿಯಲ್ಲಿ. ಮಂಜೂರಾತಿಗೆ ಸಹಿ ಹಾಕಿದವರಿಗಿಂತ ಬಂದವರ ಕಷ್ಟ ಕೇಳಿದವರನ್ನು ಜನ ನೆನಪಿಟ್ಟುಕೊಳ್ಳುವುದು ಸಹಜವೇ. ಆದರೂ ಜತ್ತಿಯವರ ಹೆಸರು ಈ ಕಥೆಯಿಂದ ಪೂರ್ತಿ ಅಳಿಸಿಹೋಗಿರುವುದು ನ್ಯಾಯವಲ್ಲ.

ಬೈಲಕುಪ್ಪೆ

ಕೊಟ್ಟದ್ದು ಸುಮಾರು 3,000 ಎಕರೆ. ಕೇಳಲು ದೊಡ್ಡದು, ನೋಡಿದರೆ ಬಿದಿರು, ಲಂಟಾನ, ಆನೆ. ಕಾವೇರಿಯ ಆಚೆ ದಡದಲ್ಲಿ ಕೊಡಗಿನ ಕುಶಾಲನಗರವಿದ್ದರೂ ಈಚೆ ಕಾಡು ಹಾಗೆಯೇ ಇತ್ತು. ಆರುನೂರಕ್ಕೂ ಹೆಚ್ಚು ಜನರ ಮೊದಲ ತಂಡ ಟೆಂಟು ಮತ್ತು ಬಿದಿರಿನ ಗುಡಿಸಲುಗಳಲ್ಲಿ ಉಳಿದು, ದಿನಗೂಲಿಯ ಮೇಲೆ ಮರ ಕಡಿದು, ಬುಡ ಸುಟ್ಟು ನೆಲ ಬಿಡಿಸಿತು. ಬಂದವರಲ್ಲಿ ಕುರಿ, ಚಮರೀಮೃಗ ಕಾಯ್ದವರಿದ್ದರು, ವ್ಯಾಪಾರಿಗಳಿದ್ದರು, ಬಾರ್ಲಿ ಬೆಳೆದವರಿದ್ದರು. ಬಿಸಿಲುನಾಡಿನ ಕೆಂಪುಮಣ್ಣನ್ನು ಉತ್ತವರು ಯಾರೂ ಇರಲಿಲ್ಲ. ರಾತ್ರಿ ಆನೆಗಳು ಗುಡಿಸಲಿಗೆ ನುಗ್ಗಿ ಜನ ಸತ್ತದ್ದುಂಟು. ಕಾಯಿಲೆಯಿಂದ ಸತ್ತವರು ಇನ್ನೂ ಹೆಚ್ಚು.

ಕಾಡು ಬಿಡಿಸಿದ ಮೇಲೆ ತಲೆಗೊಂದು ಎಕರೆಯ ಲೆಕ್ಕದಲ್ಲಿ ಸಾಗುವಳಿಗೆ ಜಮೀನು ಹಂಚಿದರು. ಊರುಗಳನ್ನು ಸಾಲುಮನೆಗಳ ಕ್ಯಾಂಪುಗಳಾಗಿ ಕಟ್ಟಿದರು. ಮೊದಮೊದಲು ಬೆಳೆಯದಿದ್ದ ಹೊಲಗಳಿಗೆ ಸ್ವಿಸ್ ನೆರವಿನಿಂದ ಟ್ರ್ಯಾಕ್ಟರು ಬಂತು, ಹೈಬ್ರಿಡ್ ಮುಸುಕಿನ ಜೋಳ ಬಂತು. ಆ ಬೆಳೆ ಮಳೆಯಾಶ್ರಯದಲ್ಲೇ ಚೆನ್ನಾಗಿ ಹಿಡಿಯಿತು. ಸಾಲ, ಬೀಜ, ಗೊಬ್ಬರ, ಗಿರಣಿ, ಮಾರಾಟ ಎಲ್ಲವನ್ನೂ ವಸಾಹತಿನ ಸಹಕಾರ ಸಂಘ ನೋಡಿಕೊಂಡಿತು. 1960ರ ದಶಕದ ನಡುವಿನಲ್ಲಿ ಅಲ್ಲಿದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞ ಮೆಲ್ವಿನ್ ಗೋಲ್ಡ್‌ಸ್ಟೀನ್, ಇಷ್ಟು ಬೇಗ ಸ್ವಂತ ಕಾಲಮೇಲೆ ನಿಂತ ನಿರಾಶ್ರಿತ ನೆಲೆಯಾಗಿ ಇದನ್ನು ಗುರುತಿಸಿದರು. ಭಾರತ ಸರ್ಕಾರ ಒಳಾಡಳಿತಕ್ಕೆ ಕೈಹಾಕದೆ ಟಿಬೆಟನ್ನರ ಆಡಳಿತಕ್ಕೇ ಬಿಟ್ಟಿದ್ದನ್ನು ಅವರು ಮುಖ್ಯ ಕಾರಣವಾಗಿ ಕಾಣುತ್ತಾರೆ. ಧರ್ಮಶಾಲಾದಲ್ಲಿರುವ ದೇಶಾಂತರ ಆಡಳಿತದಿಂದ ನೇಮಕವಾಗಿ ಬರುವ ವಸಾಹತು ಅಧಿಕಾರಿ, ಪ್ರತಿ ಕ್ಯಾಂಪಿಗೆ ಒಬ್ಬ ಮುಖಂಡ, ಸಂಘದ ಆಡಳಿತ ಮಂಡಳಿ: ಈ ವ್ಯವಸ್ಥೆ ಇಂದಿಗೂ ನಡೆಯುತ್ತಿದೆ. ನಿರಾಶ್ರಿತರನ್ನು ಸದಾ ಕೈಚಾಚುವವರೆಂದು ಕಾಣದೆ ತಮ್ಮ ಊರನ್ನು ತಾವೇ ನಡೆಸಬಲ್ಲವರೆಂದು ಬಿಟ್ಟದ್ದು ಮೈಸೂರಿನ ಪ್ರಯೋಗದ ತಿರುಳು. ದೊಡ್ಡ ಮೊತ್ತದ ನೆರವು ಬೇರೆ ಕಡೆಗಳಲ್ಲೂ ಸಿಕ್ಕಿದೆ. ಈ ಸ್ವಾತಂತ್ರ್ಯ ಎಲ್ಲ ಕಡೆ ಸಿಕ್ಕಿಲ್ಲ.

ಇಲ್ಲಿಯೇ 1963ರಲ್ಲಿ ಹುಟ್ಟಿದ ಪೆನ್‌ಪಾ ತ್ಸೆರಿಂಗ್ ಬೈಲಕುಪ್ಪೆಯ ಟಿಬೆಟನ್ ಶಾಲೆಯಲ್ಲಿ ಓದಿ, 2021ರಲ್ಲಿ ದೇಶಾಂತರ ಆಡಳಿತದ ರಾಜಕೀಯ ಮುಖ್ಯಸ್ಥ ಸ್ಥಾನವಾದ ‘ಸಿಕ್ಯೋಂಗ್’ ಹುದ್ದೆಗೆ ಚುನಾಯಿತರಾದರು. ಟಿಬೆಟನ್ನು ಕಣ್ಣಾರೆ ಕಾಣದೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಬೆಳೆದ ತಲೆಮಾರಿನ ಕೈಗೆ ನಾಯಕತ್ವ ಬಂದದ್ದಕ್ಕೆ ಇದೊಂದು ಗುರುತು.

ಮುಂಡಗೋಡ ಮತ್ತು ಇತರ ನೆಲೆಗಳು

ಮುಂಡಗೋಡದ ವಸಾಹತು 1966ರಲ್ಲಿ ಸುಮಾರು 4,000 ಎಕರೆಯಲ್ಲಿ ಆರಂಭವಾಯಿತು. ಹುಬ್ಬಳ್ಳಿಗೆ ಹತ್ತಿರದ ಈ ಸೀಮೆ ಮೊದಲಿಂದಲೂ ಹೊರಗಿನಿಂದ ಬಂದವರ ನಾಡು: ಆಫ್ರಿಕ ಮೂಲದ ಸಿದ್ದಿಗಳು, ದನಗಾಹಿ ಗೌಳಿಗರು ಇದೇ ಕಾಡಂಚಿನವರು. ಗೋವಿನಜೋಳ ಮತ್ತು ಭತ್ತ ಇಲ್ಲಿನ ಬೆಳೆ. ಸಮಾಜವಿಜ್ಞಾನಿ ಟಿ.ಸಿ. ಪಾಲಾಕ್ಷಪ್ಪ ಈ ನೆಲೆಯ ಬಗ್ಗೆ ಬರೆದ ಇಂಗ್ಲಿಷ್ ಗ್ರಂಥ 1978ರಲ್ಲಿ ಪ್ರಕಟವಾಯಿತು. ಕನ್ನಡ ನೆಲದ ವಿದ್ವಾಂಸರೊಬ್ಬರು ಈ ನೆರೆಹೊರೆಯನ್ನು ಗಂಭೀರವಾಗಿ ನೋಡಿದ ಮೊದಲ ಕೆಲಸಗಳಲ್ಲಿ ಅದೊಂದು.

ಬೈಲಕುಪ್ಪೆಯ ಎರಡನೇ ವಸಾಹತು 1969ರಲ್ಲೂ ಹುಣಸೂರಿನದು 1972ರಲ್ಲೂ ಒಡೆಯರಪಾಳ್ಯದ್ದು ಅದರ ಬೆನ್ನಿಗೂ ಬಂದವು. ಕೊನೆಯ ಎರಡು ನೆಲೆಗಳು ರೂಪುಗೊಂಡಾಗ ಮುಖ್ಯಮಂತ್ರಿ ದೇವರಾಜ ಅರಸು. ಹುಣಸೂರು ಅವರ ಸ್ವಂತ ಕ್ಷೇತ್ರ. ಉಳುವವನಿಗೇ ಭೂಮಿ ಎಂಬ ಕಾನೂನು ತಿದ್ದುಪಡಿಯ ದಿನಗಳೂ ಅವೇ.

ಅದೇ ಹುಣಸೂರು, ಎಚ್.ಡಿ. ಕೋಟೆ ಕಡೆಯ ಇನ್ನೊಂದು ಕಥೆಯನ್ನು ಇಲ್ಲಿ ಹೇಳದೆ ಹೋದರೆ ಚಿತ್ರ ಏಕಪಕ್ಷೀಯವಾಗುತ್ತದೆ. ನಾಗರಹೊಳೆ ರಾಷ್ಟ್ರೀಯ ಉದ್ಯಾನ ವಿಸ್ತಾರವಾದಂತೆ ಜೇನುಕುರುಬರು ಮತ್ತಿತರ ಆದಿವಾಸಿಗಳು ಕಾಡಿನಿಂದ ಹೊರಬಿದ್ದರು. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ 2014ರ ವರದಿಯಲ್ಲಿ ಹೀಗೆ ನೆಲೆ ತಪ್ಪಿದ 3,418 ಕುಟುಂಬಗಳನ್ನು ಗುರುತಿಸಿತು. ಹಿಮಾಲಯದಾಚೆಯಿಂದ ಬಂದವರಿಗೆ ಮನೆ, ಹೊಲ, ಶಾಲೆ, ಆಸ್ಪತ್ರೆ, ಸಂಘ ಎಲ್ಲ ಒಟ್ಟಿಗೆ ಯೋಜನೆಯಾಗಿ ದೊರೆತವು. ತನ್ನದೇ ಕಾಡಿನವರಿಗೆ ರಾಜ್ಯ ಅಷ್ಟು ಅಚ್ಚುಕಟ್ಟಾಗಿ ಏನನ್ನೂ ಮಾಡಲಿಲ್ಲ. ತಪ್ಪು ಟಿಬೆಟನ್ನರದಲ್ಲ. ಆದರೆ ಆತಿಥ್ಯದ ಬಗ್ಗೆ ಕರ್ನಾಟಕ ಹೆಮ್ಮೆಪಡುವಾಗ ಈ ಹೋಲಿಕೆಯೂ ಎದುರಿಗಿರಬೇಕು.

ಮೈರಾಡ

ಟಿಬೆಟನ್ನರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಸಂಸ್ಥೆ ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ, ಅಂದರೆ ಮೈರಾಡ. ಹೊಸ ವಸಾಹತುಗಳಲ್ಲಿ ನೆಲ ಸಮತಟ್ಟು ಮಾಡುವುದು, ಮನೆ ಕಟ್ಟುವುದು, ಬೇಸಾಯ ಕಲಿಸುವುದು ಅದರ ಕೆಲಸವಾಗಿತ್ತು. ಸುಮಾರು 15 ಸಾವಿರ ಟಿಬೆಟನ್ನರ ನೆಲೆಯೂರಿಕೆಯಲ್ಲಿ ಪಾಲ್ಗೊಂಡ ಮೇಲೆ, 1970ರ ದಶಕ ಮುಗಿಯುವಾಗ ಸಂಸ್ಥೆ ಸುತ್ತಲಿನ ಹಳ್ಳಿಗಳ ಬಡವರ ಕಡೆ ತಿರುಗಿತು.

ಮುಂದಿನದು ಯಾರೂ ಯೋಜಿಸಿದ್ದಲ್ಲ. ಮೈರಾಡ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ 1980ರ ದಶಕದ ನಡುವೆ ದೊಡ್ಡ ಸಹಕಾರ ಸಂಘಗಳು ಕುಸಿದವು. ಅವುಗಳಿಂದ ಹೊರಬಂದವರು ಪರಸ್ಪರ ನಂಬಿಕೆಯಿರುವ ಸಣ್ಣ ಗುಂಪು ಕಟ್ಟಿಕೊಂಡು ತಾವೇ ಉಳಿತಾಯ ಮಾಡಿ, ತಾವೇ ಸಾಲ ಕೊಡತೊಡಗಿದರು. ಮೈರಾಡ ಇದನ್ನು ಗಮನಿಸಿ ಬೆಳೆಸಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹಣ ಕೊಟ್ಟಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ರಾಷ್ಟ್ರೀಯ ಕಾರ್ಯಕ್ರಮ ಬಂತು. ಇಂದು ಕರ್ನಾಟಕದ ಊರೂರಲ್ಲಿ ವಾರದ ಸಭೆ ಸೇರುವ ‘ಸಂಘ’ದ ಹೆಣ್ಣುಮಕ್ಕಳಲ್ಲಿ ಬಹುಪಾಲು ಜನಕ್ಕೆ ತಮ್ಮ ಪುಸ್ತಕದ ಹಿಂದೆ ಒಂದು ನಿರಾಶ್ರಿತ ಪುನರ್ವಸತಿ ಸಂಸ್ಥೆಯ ಕೈಯಿದೆ ಎಂಬುದು ತಿಳಿದಿರಲಾರದು.

ಮಠಗಳು

ಲ್ಹಾಸಾದ ಸುತ್ತಲಿನ ಮೂರು ಮಹಾಮಠಗಳಾದ ಗಾಂದೆನ್ (1409), ಡ್ರೆಪುಂಗ್ (1416), ಸೆರಾ (1419) ಟಿಬೆಟನ್ ಬೌದ್ಧ ವಿದ್ಯೆಯ ವಿಶ್ವವಿದ್ಯಾಲಯಗಳು. ಬಕ್ಸಾದಲ್ಲಿ ಉಳಿದಿದ್ದ ಸನ್ಯಾಸಿಗಳನ್ನು 1970ರ ಆಸುಪಾಸಿನಲ್ಲಿ ದಕ್ಷಿಣಕ್ಕೆ ಕರೆತಂದಾಗ ಸೆರಾ ಬೈಲಕುಪ್ಪೆಯಲ್ಲಿ, ಗಾಂದೆನ್ ಮತ್ತು ಡ್ರೆಪುಂಗ್ ಮುಂಡಗೋಡದಲ್ಲಿ ಪುನಃ ಸ್ಥಾಪನೆಯಾದವು. ಹೀಗೆ ಗೆಲುಗ್ ಪಂಥದ ಮೂರೂ ಪೀಠಗಳು ಕನ್ನಡನಾಡಿಗೆ ಬಂದವು. ಅದೇ ಪಂಥದಲ್ಲಿ ದಲೈ ಲಾಮಾರ ನಂತರದ ಸ್ಥಾನದ ಪಂಚೆನ್ ಲಾಮಾರ ಪೀಠ ತಾಷಿ ಲ್ಹುನ್‌ಪೊ 1972ರಲ್ಲಿ ಬೈಲಕುಪ್ಪೆಯಲ್ಲಿ ತೆರೆಯಿತು. 1995ರ ಮೇ 14ರಂದು ಹನ್ನೊಂದನೇ ಪಂಚೆನ್ ಲಾಮಾ ಎಂದು ದಲೈ ಲಾಮಾ ಗುರುತಿಸಿದ ಬಾಲಕನನ್ನು ಚೀನಾ ಕೆಲವೇ ದಿನಗಳಲ್ಲಿ ವಶಕ್ಕೆ ತೆಗೆದುಕೊಂಡಿದ್ದರಿಂದ ಈ ಮಠದ ಗದ್ದುಗೆ ಖಾಲಿಯೇ ಇದೆ.

ನಿಂಗ್ಮಾ ಪಂಥದ ನಾಮ್‌ಡ್ರೋಲಿಂಗ್ ಮಠವನ್ನು ಪೆನೊರ್ ರಿಂಪೋಚೆ 1963ರಲ್ಲಿ ಬೈಲಕುಪ್ಪೆಯಲ್ಲೇ ಬೆರಳೆಣಿಕೆಯ ಸನ್ಯಾಸಿಗಳೊಂದಿಗೆ ಬಿದಿರಿನ ಗುಡಿಯಲ್ಲಿ ಆರಂಭಿಸಿದರು. 1999ರಲ್ಲಿ ಪೂರ್ಣಗೊಂಡ ಅದರ ಪದ್ಮಸಂಭವ ವಿಹಾರವೇ ಇಂದಿನ ‘ಗೋಲ್ಡನ್ ಟೆಂಪಲ್’. ಪದ್ಮಸಂಭವ, ಶಾಕ್ಯಮುನಿ ಬುದ್ಧ, ಅಮಿತಾಯುಸ್‌ರ ಹೊಳೆಯುವ ಬೃಹತ್ ಮೂರ್ತಿಗಳ ಮುಂದೆ ಫೋಟೊ ತೆಗೆಸಿಕೊಳ್ಳದೆ ಕೊಡಗಿನ ಪ್ರವಾಸ ಮುಗಿಸುವ ಕನ್ನಡಿಗರು ಕಡಿಮೆ. ಹುಣಸೂರಿನ ಗುರುಪುರದಲ್ಲಿ ಗ್ಯುಮೆ ತಾಂತ್ರಿಕ ವಿದ್ಯಾಪೀಠವಿದೆ.

ಈ ಮಠಗಳಲ್ಲಿ ಗೆಶೆ ಪದವಿಗೆ ಹದಿನೈದು ಇಪ್ಪತ್ತು ವರ್ಷಗಳ ಓದು. ಮಧ್ಯಾಹ್ನದ ವಾದಾಂಗಳದಲ್ಲಿ ನಿಂತವನು ಅಂಗೈ ಬಡಿದು ಪ್ರಶ್ನೆ ಎಸೆಯುತ್ತಾನೆ, ಕೂತವನು ಉತ್ತರಿಸುತ್ತಾನೆ. ಈ ವಾದಕ್ರಮದ ಬೇರುಗಳು ಪ್ರಾಚೀನ ಭಾರತದ ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಗಳಲ್ಲಿವೆ. ಭಾರತದಲ್ಲಿ ಕಡಿದುಹೋಗಿದ್ದ ಓದಿನ ಕ್ರಮವೊಂದು ನಿರಾಶ್ರಿತರ ಜೊತೆ ಮರಳಿದ್ದು ಆಶ್ರಯ ಕೊಟ್ಟವರಿಗೆ ಸಿಕ್ಕ ಲಾಭ. ನಮ್ಮ ವಿಶ್ವವಿದ್ಯಾಲಯಗಳು ಅದನ್ನು ಬಳಸಿಕೊಂಡದ್ದು ಅತ್ಯಲ್ಪ. ಗಂಡಸರಿಗೇ ಮೀಸಲಾಗಿದ್ದ ಈ ಓದಿನ ತುದಿ ತಲುಪಿದ 20 ಸನ್ಯಾಸಿನಿಯರ ತಂಡಕ್ಕೆ ‘ಗೆಶೆಮಾ’ ಪದವಿಯನ್ನು ದಲೈ ಲಾಮಾ ಪ್ರದಾನ ಮಾಡಿದ್ದು 2016ರ ಡಿಸೆಂಬರಿನಲ್ಲಿ, ಮುಂಡಗೋಡದ ಡ್ರೆಪುಂಗ್‌ನಲ್ಲಿ.

ನೆರೆಹೊರೆ

ಕ್ಯಾಂಪು ಮತ್ತು ಸುತ್ತಲಿನ ಹಳ್ಳಿಗಳ ನಡುವಿನ ನಂಟು ಭಾಷಣಗಳಲ್ಲಿ ಕೇಳುವಷ್ಟು ನವಿರಾದುದೂ ಅಲ್ಲ, ಜಗಳಗಳು ಸುದ್ದಿಯಾದಾಗ ಕಾಣುವಷ್ಟು ಒರಟೂ ಅಲ್ಲ. ಅದು ಮುಖ್ಯವಾಗಿ ಕೊಡುಕೊಳುವಿಕೆಯದು. ನಾಟಿ, ಕಳೆ, ಕೊಯ್ಲಿಗೆ ಅಕ್ಕಪಕ್ಕದ ಹಳ್ಳಿಗಳಿಂದ ಆಳುಗಳು ಕ್ಯಾಂಪಿಗೆ ಹೋಗುತ್ತಾರೆ. ಮನೆ ಕಟ್ಟುವ ಗಾರೆಯವರು, ಹಾಲು ತರಕಾರಿಯವರು, ಆಟೊದವರು ಹೆಚ್ಚಾಗಿ ಸ್ಥಳೀಯರು. ಕುಶಾಲನಗರದ ಪೇಟೆ ಇಷ್ಟು ಬೆಳೆದಿರುವುದರಲ್ಲಿ ಬೈಲಕುಪ್ಪೆಯ ಗಿರಾಕಿಗಳ ಮತ್ತು ಅವರನ್ನು ನೋಡಲು ಬರುವ ಪ್ರವಾಸಿಗಳ ಪಾಲು ದೊಡ್ಡದು. ಕ್ಯಾಂಪಿನ ಆಸ್ಪತ್ರೆಗಳಿಗೆ ಸುತ್ತಲಿನವರೂ ಹೋಗುತ್ತಾರೆ. ಟಿಬೆಟನ್ ಔಷಧಿಗಾಗಿ ದೂರದೂರಿನಿಂದ ಬರುವವರಿದ್ದಾರೆ. ವಾರಾಂತ್ಯದಲ್ಲಿ ಹುಬ್ಬಳ್ಳಿ ಹುಡುಗರು ಮೊಮೊ ತಿನ್ನಲು ಮುಂಡಗೋಡಕ್ಕೆ ಬೈಕ್ ಓಡಿಸುವುದು ಇತ್ತೀಚಿನ ವರ್ಷಗಳ ರೂಢಿ.

ತಲೆಗೊಂದು ಎಕರೆಯ ಬೇಸಾಯ ವರ್ಷವಿಡೀ ಹೊಟ್ಟೆ ತುಂಬಿಸುವುದಿಲ್ಲ. ಹೀಗಾಗಿ ಸುಗ್ಗಿ ಮುಗಿದೊಡನೆ ಲೂಧಿಯಾನಾದ ಸಗಟು ವ್ಯಾಪಾರಿಗಳಿಂದ ಸ್ವೆಟರ್ ಸಾಲ ತಂದು ಊರೂರ ಬೀದಿಬದಿ ಮಾರುವುದು ಎರಡನೇ ಉದ್ಯೋಗವಾಯಿತು. ಚಳಿಗಾಲದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ತಲೆಯೆತ್ತುವ ಟಿಬೆಟನ್ ಸ್ವೆಟರ್ ಸಾಲುಗಳು ಇದರ ಫಲ. ಅಪ್ಪ ಅಮ್ಮ ವ್ಯಾಪಾರಕ್ಕೆ ಹೋದ ತಿಂಗಳುಗಳಲ್ಲಿ ಮಕ್ಕಳು ಅಜ್ಜಿ ತಾತಂದಿರ ಬಳಿ ಅಥವಾ ಶಾಲೆಯ ಹಾಸ್ಟೆಲಿನಲ್ಲಿ ಬೆಳೆದರು.

ಅಸಮಾಧಾನಕ್ಕೂ ಕಾರಣಗಳಿವೆ. ವಿದೇಶಿ ದೇಣಿಗೆಯಿಂದ ಎದ್ದ ಕಟ್ಟಡಗಳ ಪಕ್ಕದಲ್ಲೇ ಹೆಂಚು ಹಾರಿದ ಸರ್ಕಾರಿ ಶಾಲೆ ಇದ್ದರೆ ಯಾರಿಗಾದರೂ ಚುಚ್ಚುತ್ತದೆ. ಕಾಡು ಬಿಡಿಸುವ ಮುನ್ನ ಅಲ್ಲಿ ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಹಳ್ಳಿಗರನ್ನು ಯಾರೂ ಕೇಳಿರಲಿಲ್ಲ. ಆತಿಥೇಯ ಎಂದು ಕರೆಸಿಕೊಂಡವರಲ್ಲಿ ಅನೇಕರು ಸ್ವತಃ ಭೂರಹಿತರು. ಶಾಲೆಗಳು ಬೇರೆಯಾದ್ದರಿಂದ ಮಕ್ಕಳು ಜೊತೆಗೆ ಕೂತು ಕಲಿಯಲಿಲ್ಲ. ಅಂಗಡಿ ಮುಂಗಟ್ಟಿನಲ್ಲಿ ಕಲಿತ ಕನ್ನಡ ಬಹುಮಂದಿಗೆ ಸರಾಗ, ಓದುವ ಕನ್ನಡ ಅಪರೂಪ. ಮದುವೆ ಸಂಬಂಧಗಳೂ ಕಡಿಮೆ. ಸಂಸ್ಕೃತಿ ಉಳಿಸಿಕೊಳ್ಳಲೆಂದು ಕಟ್ಟಿದ ಬೇಲಿ ಎರಡೂ ಕಡೆಯವರನ್ನು ತಡೆಯಿತು. ಇಷ್ಟಿದ್ದೂ ಆರು ದಶಕಗಳಲ್ಲಿ ನೆರೆಹೊರೆ ಮುರಿದುಬೀಳದಿರುವುದು ಸಣ್ಣ ವಿಷಯವಲ್ಲ.

ಕಾನೂನಿನ ಸ್ಥಿತಿ

ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ದಶಕಗಳ ಕಾಲ ಟಿಬೆಟನ್ನರು 1946ರ ವಿದೇಶಿಯರ ಕಾಯ್ದೆಯಡಿ ವಿದೇಶಿಯರಾಗಿಯೇ ಇದ್ದರು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. ಪೊಲೀಸರಿಂದ ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕಾದ ‘ಆರ್‌ಸಿ’ ಎಂಬ ನೋಂದಣಿ ಪುಸ್ತಕವೇ ಇಲ್ಲಿನ ವಾಸಕ್ಕೆ ಆಧಾರ; ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಗುರುತಿನ ಪತ್ರ. ಈ ಹಳದಿ ಪುಸ್ತಕ ಹಿಡಿದು ನಿಂತವರನ್ನು ವಿಮಾನ ನಿಲ್ದಾಣಗಳಲ್ಲಿ ಪಕ್ಕಕ್ಕೆ ಕರೆದು ವಿಚಾರಿಸುವುದು ಕ್ಯಾಂಪಿನ ಯುವಕರಿಗೆಲ್ಲ ಗೊತ್ತಿರುವ ಅನುಭವ. ವಿದೇಶಿ ಪ್ರವಾಸಿಗಳು ಈ ನೆಲೆಗಳಲ್ಲಿ ತಂಗಬೇಕಾದರೆ ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು.

ಪೌರತ್ವದ ಕಾಯ್ದೆಯಂತೆ 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಜನ್ಮತಃ ಪೌರರು. ಟಿಬೆಟನ್ನರಿಗೂ ಇದು ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. ಭಾರತದಲ್ಲೇ ಹುಟ್ಟಿದ, ಡ್ರೆಪುಂಗ್ ಮಠದ ಲಿಂಗ್ ರಿಂಪೋಚೆಯವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2013ರಲ್ಲಿ ಅದೇ ನಿಲುವು ತಳೆಯಿತು. ಮರುವರ್ಷ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಲು ಚುನಾವಣಾ ಆಯೋಗ ಸೂಚಿಸಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಬೇಕೆಂದವರಿಗೆ ಆರ್‌ಸಿ ಒಪ್ಪಿಸಬೇಕು, ವಸಾಹತಿನಲ್ಲಿ ವಾಸಿಸಬಾರದು ಎಂಬ ಷರತ್ತುಗಳು ಬಂದವು. ಪೌರತ್ವ ಪಡೆದರೆ ಹುಟ್ಟಿದ ಮನೆ ಬಿಡಬೇಕು! ಹಿರಿಯರಿಗೆ ಇನ್ನೊಂದು ಅಳುಕೂ ಇದೆ: ಭಾರತೀಯನಾಗುವುದೆಂದರೆ ಟಿಬೆಟಿನ ಹಕ್ಕೊತ್ತಾಯವನ್ನು ಕೈಬಿಟ್ಟಂತೆ. ಕೋರ್ಟು ತೆರೆದ ಬಾಗಿಲಲ್ಲಿ ಅರ್ಜಿ ಹಿಡಿದು ಬಂದವರು ಆದ್ದರಿಂದಲೇ ಕಡಿಮೆ.

ಜಮೀನು ಸರ್ಕಾರದ್ದು. ಸಾಗುವಳಿ ಹಕ್ಕು ಮಾತ್ರ ಟಿಬೆಟನ್ನರದು. ಮಾರುವಂತಿಲ್ಲ, ಅಡವಿಟ್ಟು ಬ್ಯಾಂಕಿನಿಂದ ಸಾಲ ತರುವಂತಿಲ್ಲ. ರಾಜ್ಯಗಳು ಏಕರೂಪದ ಗುತ್ತಿಗೆ ಪತ್ರ ಮಾಡಿಕೊಡಬೇಕೆಂದು, ಸರ್ಕಾರಿ ಯೋಜನೆಗಳ ಸೌಲಭ್ಯವನ್ನು ಇವರಿಗೂ ಕೊಡಬೇಕೆಂದು ಕೇಂದ್ರದ 2014ರ ಟಿಬೆಟನ್ ಪುನರ್ವಸತಿ ನೀತಿ ಹೇಳುತ್ತದೆ. ಅದರ ಮಾದರಿ ಗುತ್ತಿಗೆಯ ಅವಧಿ 20 ವರ್ಷ.

ಮತ್ತೆ ವಲಸೆ

ಅಮೆರಿಕ 1990ರ ಕಾನೂನಿನಡಿ ಭಾರತ, ನೇಪಾಳಗಳ ಟಿಬೆಟನ್ನರಿಗೆ 1,000 ವೀಸಾ ಕೊಟ್ಟಿತು. ಹೋದವರು ಮನೆಯವರನ್ನು ಕರೆಸಿಕೊಂಡರು. ಇಂದು ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್, ಟೊರಾಂಟೊದ ಪಾರ್ಕ್‌ಡೇಲ್‌ಗಳಲ್ಲಿ ಬೈಲಕುಪ್ಪೆ, ಮುಂಡಗೋಡದಲ್ಲಿ ಹುಟ್ಟಿದವರು ಸಾಕಷ್ಟಿದ್ದಾರೆ. ಓದಿದ ಯುವಕರಲ್ಲಿ ಹಲವರು ಬೆಂಗಳೂರು ಸೇರಿದ್ದಾರೆ. ನಗರದ ಹೊರವಲಯದ ಶೇಷಗಿರಿಹಳ್ಳಿಯಲ್ಲಿ ದಲೈ ಲಾಮಾ ಉನ್ನತ ಶಿಕ್ಷಣ ಸಂಸ್ಥೆಯೂ ಇದೆ. ಟಿಬೆಟಿನಲ್ಲಿ ನಡೆದ 2008ರ ಗಲಭೆಗಳ ಬಳಿಕ ಚೀನಾ ಗಡಿ ಬಿಗಿಗೊಳಿಸಿದ್ದರಿಂದ ಅಲ್ಲಿಂದ ಹೊಸಬರು ಬರುವುದು ಬಹುತೇಕ ನಿಂತಿದೆ. ಮಠಗಳಿಗೆ ಈಗ ಸೇರುವ ಬಾಲಕರಲ್ಲಿ ಲಡಾಖ್, ಸ್ಪಿತಿ, ಅರುಣಾಚಲ, ನೇಪಾಳದವರೇ ಹೆಚ್ಚು. ಟಿಬೆಟನ್ ಕುಟುಂಬಗಳ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ.

ಕ್ಯಾಂಪುಗಳಲ್ಲಿ ಬೀಗ ಹಾಕಿದ ಮನೆಗಳಿವೆ, ವೃದ್ಧರಷ್ಟೇ ಇರುವ ಮನೆಗಳಿವೆ. ಹೊಲ ಮಾತ್ರ ಪಾಳುಬಿದ್ದಿಲ್ಲ. ಟೊರಾಂಟೊಗೆ ಹೋದ ಮಕ್ಕಳ ಅಪ್ಪನಿಂದ ಪಕ್ಕದ ಹಳ್ಳಿಯ ರೈತ ಅದನ್ನು ವರ್ಷಕ್ಕಿಷ್ಟೆಂದು ಪಡೆದು ಶುಂಠಿಯನ್ನೋ ಜೋಳವನ್ನೋ ಬೆಳೆಯುತ್ತಾನೆ. ಇಬ್ಬರೂ ಆ ನೆಲದ ಒಡೆಯರಲ್ಲ. 2014ರ ನೀತಿಯಂತೆ ಮಾಡಿಕೊಟ್ಟ ಗುತ್ತಿಗೆಗಳ ಅವಧಿ ಮುಂದಿನ ದಶಕದಲ್ಲಿ ಮುಗಿಯಲಿದ್ದು, ನವೀಕರಣದ ಹೊತ್ತಿಗೆ ಪತ್ರದಲ್ಲಿ ಹೆಸರಿರುವವರು ಎಲ್ಲಿರುತ್ತಾರೆ, ಉಳುತ್ತಿರುವವರು ಯಾರು ಎಂಬುದನ್ನು ತಾಲ್ಲೂಕು ಕಚೇರಿ ನೋಡಲೇಬೇಕಾಗುತ್ತದೆ.